ಕಾಯಿಲೆ ವರ್ಷವಿಡೀ, ರಜೆ ಎಣಿಸಿದಷ್ಟೇ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಕೀಲುನೋವು, ಉಬ್ಬಸ ಎರಡೂ ಏಳುತ್ತವೆ, ಅದರ ಬೆನ್ನಿಗೇ ರಜೆಯ ಪ್ರಶ್ನೆಯೂ. ನೆಗಡಿ, ಜ್ವರಕ್ಕೆ ಹಾಕುವ ಎರಡು ದಿನದ ರಜೆಯೇ ಬೇರೆ, ವಾಸಿಯಾಗದೆ ಜೊತೆಯಲ್ಲೇ ಬಾಳುವ ಕಾಯಿಲೆಗೆ ಹಾಕುವ ರಜೆಯೇ ಬೇರೆ. ಎರಡನೆಯದಕ್ಕೆ ಲೆಕ್ಕ ಬೇಕು, ಕಾಗದ ಬೇಕು, ಮುಂಚಿತವಾಗಿ ಒಂದು ಮಾತುಕತೆ ಬೇಕು. ಈ ಬಾರಿ ಆರಿಸಿಕೊಂಡ ಪತ್ರಗಳೆಲ್ಲ ಇದೇ ವಿಷಯದವು. ಬರೆದವರ ಹೆಸರು ಕೊಟ್ಟಿಲ್ಲ.

ಪ್ರಶ್ನೆ: ಶಿವಮೊಗ್ಗ ಹೊರವಲಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. ವಯಸ್ಸು 34. ಎರಡು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚುವುದಕ್ಕೇ ಆಗುವುದಿಲ್ಲ. ವಾರಕ್ಕೊಂದು ಮೆಥೊಟ್ರೆಕ್ಸೇಟ್ ಮಾತ್ರೆ ಕೊಟ್ಟಿದ್ದಾರೆ, ತಗೊಂಡ ಮಾರನೇ ದಿನ ತಲೆ ಎತ್ತಲಾಗದ ಸುಸ್ತು. ತಿಂಗಳಿಗೆ ಮೂರು ನಾಲ್ಕು ದಿನ ಬಿಡಿಬಿಡಿಯಾಗಿ ರಜೆ ಆಗುತ್ತದೆ, ಅಷ್ಟೂ ಸಂಬಳ ಕಟ್. ಸಂಬಳ 13,000. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಹಿಡಿಯುತ್ತಾರೆ, ಆದರೆ ಅಲ್ಲಿಂದ ಒಂದು ರೂಪಾಯಿಯೂ ಬಂದಿಲ್ಲ. ಸೂಪರ್‌ವೈಸರ್ "ಹೀಗೇ ಆದರೆ ಕಷ್ಟ" ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮಗೆ ದುಡ್ಡು ಬಾರದಿರುವುದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ: ಬಿಡಿಬಿಡಿ ರಜೆ. ಇಎಸ್‌ಐನಲ್ಲಿ ಅನಾರೋಗ್ಯ ಭತ್ಯೆ ಎಂದು ಕೊಡುವುದು ಸರಾಸರಿ ದಿನಗೂಲಿಯ ಶೇ 70. ಆದರೆ ಪ್ರತಿ ಸಲದ ಕಾಯಿಲೆ ರಜೆಯಲ್ಲೂ ಮೊದಲ ಎರಡು ದಿನಕ್ಕೆ ಭತ್ಯೆ ಇಲ್ಲ. ಮೂರನೇ ದಿನದಿಂದ ಲೆಕ್ಕ ಶುರು. ಇವತ್ತು ಒಂದು ದಿನ, ಹತ್ತು ದಿನ ಬಿಟ್ಟು ಒಂದು ದಿನ ಎಂದು ಮನೆಯಲ್ಲಿ ಮಲಗಿದರೆ, ಅದೂ ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಇಲ್ಲದೆ, ವರ್ಷವಿಡೀ ಮಲಗಿದರೂ ಕೈಗೆ ಬರುವುದು ಸೊನ್ನೆಯೇ.

ಲೆಕ್ಕ ಹೀಗೆ. 26 ದಿನದ ಕೆಲಸಕ್ಕೆ 13,000 ಎಂದರೆ ದಿನಕ್ಕೆ 500 ರೂಪಾಯಿ. ಅದರ ಶೇ 70 ಎಂದರೆ 350. ನೋವು ಜೋರಾಗಿ ಎದ್ದಾಗ ವೈದ್ಯರು ಏಳು ದಿನ ವಿಶ್ರಾಂತಿ ಬರೆದರೆ ಎರಡು ದಿನ ಕಳೆದು ಐದು ದಿನಕ್ಕೆ 1,750 ರೂಪಾಯಿ. ಆ ರಜೆ ಮುಗಿದು 15 ದಿನದೊಳಗೆ ಮತ್ತೆ ಕಾಯಿಲೆ ಎದ್ದು ಸರ್ಟಿಫಿಕೇಟ್ ಪಡೆದರೆ ಎರಡನೇ ಸಲಕ್ಕೆ ಆ ಎರಡು ದಿನದ ಕಡಿತ ಇರುವುದಿಲ್ಲ, ಮೊದಲ ದಿನದಿಂದಲೇ ಸಿಗುತ್ತದೆ. ಸಂಧಿವಾತ ಒಮ್ಮೆ ಕೆರಳಿದರೆ ಎರಡು ಮೂರು ವಾರ ಏಳುತ್ತಾ ಬೀಳುತ್ತಾ ಇರುತ್ತದೆ. ಹಾಗಾಗಿ ಈ 15 ದಿನದ ನಿಯಮ ನಿಮ್ಮಂಥವರಿಗೆ ಬಹಳ ಮುಖ್ಯ. ಬಹಳಷ್ಟು ಜನರಿಗೆ ಇದು ಗೊತ್ತೇ ಇರುವುದಿಲ್ಲ.

ಅರ್ಹತೆಗೆ ಬೇಕಾದದ್ದು ಆರು ತಿಂಗಳಲ್ಲಿ ಕನಿಷ್ಠ 78 ದಿನದ ವಂತಿಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ನೀವು ಕಟ್ಟಿದ್ದು ಜುಲೈಯಿಂದ ಡಿಸೆಂಬರ್‌ವರೆಗಿನ ಭತ್ಯೆಗೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನದು ಮುಂದಿನ ಜನವರಿಯಿಂದ ಜೂನ್‌ವರೆಗೆ. ತಿಂಗಳಿಗೆ ನಾಲ್ಕು ದಿನ ಹೋದರೂ ಆರು ತಿಂಗಳಲ್ಲಿ ನಿಮಗೆ ಸುಮಾರು 130 ದಿನ ಆಗುತ್ತದೆ, ಚಿಂತೆ ಇಲ್ಲ. ಒಟ್ಟಾರೆ ಮಿತಿ, ಬೆನ್ನುಬೆನ್ನಿಗೆ ಬರುವ ಎರಡು ಭತ್ಯೆ ಅವಧಿಗಳಲ್ಲಿ 91 ದಿನ. ಸಂಬಳದ ಚೀಟಿಯನ್ನೂ ಒಮ್ಮೆ ನೋಡಿ: ನಿಮ್ಮಿಂದ ಹಿಡಿಯಬೇಕಾದದ್ದು ಶೇ 0.75, ಅಂದರೆ ಸುಮಾರು 98 ರೂಪಾಯಿ. ಕಂಪನಿಯದು ಶೇ 3.25.

ಇನ್ನು ರಜೆ ಹಾಕುವ ಕ್ರಮ. ನೋವು ಎದ್ದ ಮೊದಲ ದಿನವೇ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ. "ನಾಳೆ ಸರಿಹೋದೀತು" ಎಂದು ಮೂರು ದಿನ ಮಲಗಿ ನಾಲ್ಕನೇ ದಿನ ಹೋದರೆ ಹಿಂದಿನ ತಾರೀಕು ಹಾಕಿ ಕೊಡುವುದಿಲ್ಲ, ಕೇಳುವುದೂ ತಪ್ಪು. ಮೊದಲ ಸರ್ಟಿಫಿಕೇಟ್, ರಜೆ ಮುಂದುವರಿದರೆ ಮಧ್ಯದ್ದು, ಕೆಲಸಕ್ಕೆ ಮರಳುವಾಗ ಕೊನೆಯದು. ಸರಪಳಿ ಎಲ್ಲೂ ಕಡಿಯಬಾರದು, ಒಂದು ಬಿಟ್ಟುಹೋದರೆ ಆ ದಿನಗಳ ಭತ್ಯೆ ಅಲ್ಲೇ ನಿಲ್ಲುತ್ತದೆ. ಪ್ರತಿಯೊಂದರ ಫೋಟೊ ಅದೇ ದಿನ ಸೂಪರ್‌ವೈಸರ್‌ಗೂ ಎಚ್‌ಆರ್‌ಗೂ ವಾಟ್ಸ್‌ಆ್ಯಪ್ ಮಾಡಿ, ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ. ಖಾಸಗಿ ವೈದ್ಯರ ಚೀಟಿ ಒಂದನ್ನೇ ಇಟ್ಟುಕೊಂಡು ಭತ್ಯೆ ಕೇಳಲು ಹೋದರೆ ಅಲೆದಾಟವೇ ಹೆಚ್ಚು.

ದುಡ್ಡು ಮಂಜೂರಾಗಿಯೂ ಖಾತೆಗೆ ಬಾರದೆ ಹಿಂದಿರುಗುವುದುಂಟು. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳಲ್ಲಿ ಖಾತೆ ಇದ್ದವರು ಇದನ್ನು ಗಮನಿಸಬೇಕು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದ ಮೇಲೆ ಐಎಫ್‌ಎಸ್‌ಸಿ ಕೋಡ್ ಬದಲಾಗಿದೆ. ಇಎಸ್‌ಐ ದಾಖಲೆಯಲ್ಲಿ ಹಳೆಯದೇ ಉಳಿದಿದ್ದರೆ ಶಾಖಾ ಕಚೇರಿಗೆ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಕೊಟ್ಟು ತಿದ್ದಿಸಿಕೊಳ್ಳಿ.

ಎರಡು ಎಚ್ಚರಿಕೆ. ಭತ್ಯೆ ಪಡೆಯುವ ದಿನಗಳಲ್ಲಿ ಬೇರೆಲ್ಲೂ ಕೂಲಿಗೆ ಹೋಗುವಂತಿಲ್ಲ. ಸುಗ್ಗಿಯಲ್ಲಿ ಪಕ್ಕದ ಮನೆಗೆ ಅಡಿಕೆ ಸುಲಿಯಲು ಹೋಗಿ ಡಬ್ಬದ ಲೆಕ್ಕದಲ್ಲಿ ದುಡ್ಡು ಪಡೆದರೂ ಅದು ಕೂಲಿಯೇ. ಇನ್ನೊಂದು, ವಿಶ್ರಾಂತಿಗೆಂದು ಹೊಸನಗರವೋ ಸೊರಬವೋ ತವರಿಗೆ ಹೋಗುವುದಾದರೆ ವೈದ್ಯರಿಗೆ ಹೇಳಿ ಅನುಮತಿ ಪಡೆದೇ ಹೋಗಿ. ಚಿಕಿತ್ಸೆ ಪಡೆಯುತ್ತಿರುವ ಊರನ್ನು ಹೇಳದೆ ಬಿಟ್ಟರೆ ಭತ್ಯೆ ತಡೆಹಿಡಿಯಲು ಅದೇ ಕಾರಣವಾಗುತ್ತದೆ.

ಒಂದೇ ದಿನದ ಸುಸ್ತಿಗೆ ಕಂಪನಿಯ ಗಳಿಕೆ ರಜೆ ಬಳಸಿ. ಅದು 20 ದಿನ ದುಡಿದರೆ ಒಂದು ದಿನದಂತೆ ಕೂಡುತ್ತದೆ. ಸಂಬಳ ಸಹಿತ ರಜೆ ಪಡೆದ ದಿನಕ್ಕೆ ಇಎಸ್‌ಐ ಭತ್ಯೆಯನ್ನೂ ಕೇಳಲಾಗದು. ಆದ್ದರಿಂದ ಚಿಕ್ಕದಕ್ಕೆ ಕಂಪನಿ ರಜೆ, ದೊಡ್ಡದಕ್ಕೆ ಇಎಸ್‌ಐ ಎಂದು ವಿಂಗಡಿಸಿಕೊಳ್ಳಿ.

ಈಗ ಮಾತ್ರೆಯ ವಿಷಯ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಗೋಡೆ ಕ್ಯಾಲೆಂಡರಿನಲ್ಲಿ ಆ ವಾರದ ದಿನಕ್ಕೆ ಸುತ್ತು ಹಾಕಿ, ನುಂಗಿದ ಮೇಲೆ ಅದರ ಮೇಲೇ ಗೀಟು ಎಳೆಯಿರಿ. ಭಾನುವಾರ ವಾರದ ರಜೆಯಾದರೆ, ವೈದ್ಯರನ್ನು ಕೇಳಿ ಮಾತ್ರೆಯ ದಿನವನ್ನು ಶನಿವಾರ ರಾತ್ರಿಗೆ ಬದಲಾಯಿಸಿಕೊಳ್ಳಿ. ಸುಸ್ತಿನ ದಿನ ಭಾನುವಾರಕ್ಕೆ ಬೀಳುತ್ತದೆ, ತಿಂಗಳಿಗೆ ಎರಡು ಮೂರು ರಜೆ ಉಳಿಯುತ್ತದೆ. ಫೋಲಿಕ್ ಆಸಿಡ್ ಬಿಡಬೇಡಿ, ಸುಸ್ತು, ಬಾಯಿಹುಣ್ಣು ಕಡಿಮೆಯಾಗುವುದು ಅದರಿಂದಲೇ. ರಕ್ತಕಣ, ಯಕೃತ್ತಿನ ಪರೀಕ್ಷೆ ವೈದ್ಯರು ಹೇಳಿದ ಗಡುವಿಗೆ ಆಗಲೇಬೇಕು. ಮಗು ಬೇಕೆಂಬ ಯೋಚನೆ ಇದ್ದರೆ ತಿಂಗಳುಗಳ ಮುಂಚೆಯೇ ವೈದ್ಯರಿಗೆ ಹೇಳಿ, ಗರ್ಭಿಣಿಯರು ಈ ಮಾತ್ರೆ ತೆಗೆದುಕೊಳ್ಳುವಂತಿಲ್ಲ. ಜ್ವರ ಬಂದ ವಾರ ನುಂಗುವ ಮೊದಲು ಫೋನ್ ಮಾಡಿ ಕೇಳಿ. ನಮ್ಮ ಕಡೆ ಮಳೆಗಾಲದ ಜ್ವರ ಡೆಂಗಿ ಇರಬಹುದು, ಇಲಿಜ್ವರ ಇರಬಹುದು. ಡೆಂಗಿಯಲ್ಲಿ ಕೀಲುನೋವಿನ ಮಾತ್ರೆಗಳು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ.

ಬೆಳಗಿನ ಬಿಗಿತಕ್ಕೆ ಕೆಲಸಕ್ಕೆ ಹೊರಡುವ ಒಂದೂವರೆ ಗಂಟೆ ಮುಂಚೆ ಎದ್ದು ಹಂಡೆಯ ಬಿಸಿನೀರನ್ನು ಅಗಲ ಪಾತ್ರೆಗೆ ತೋಡಿ, ಕೈ ತಡೆಯುವಷ್ಟು ಬಿಸಿ ಇರುವಂತೆ ತಣ್ಣೀರು ಬೆರೆಸಿ, ಮಣಿಕಟ್ಟಿನವರೆಗೆ ಹತ್ತು ನಿಮಿಷ ಅದ್ದಿ. ನೀರೊಳಗೇ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ. ಬಿಗಿತ ಎಷ್ಟು ನಿಮಿಷ ಇತ್ತು, ಯಾವ ಕೀಲು ಊದಿತ್ತು ಎಂದು ಅದೇ ಕ್ಯಾಲೆಂಡರಿನ ಚೌಕದಲ್ಲಿ ಬರೆಯಿರಿ: "90 ನಿ., ಬಲ ಮಣಿಕಟ್ಟು." ಬಿಗಿತ ದಿನದಿನಕ್ಕೆ ಏರುತ್ತಿದ್ದರೆ ಅದು ಮುಂದೆ ಬರುವ ಕೆರಳಿಕೆಯ ಸೂಚನೆ. ಮಲಗಿಬಿಡುವ ಮುಂಚೆ, ಇನ್ನೂ ಓಡಾಡುವಾಗಲೇ ವೈದ್ಯರ ಹತ್ತಿರ ಹೋಗಲು ಆ ಚೌಕಗಳೇ ಹೇಳುತ್ತವೆ.

ಸೂಪರ್‌ವೈಸರ್ ಹತ್ತಿರ ಹೋಗುವಾಗ ಮೂರು ತಿಂಗಳ ಕ್ಯಾಲೆಂಡರ್ ಹಾಳೆ, ವೈದ್ಯರ ಒಂದು ಪತ್ರ ಎರಡೂ ಇರಲಿ. ರಜೆ ಹೆಚ್ಚು ಕೊಡಿ ಎಂದು ಕೇಳುವ ಬದಲು ಕೆಲಸ ಬದಲಿಸಿ ಎಂದು ಕೇಳಿ: ದಪ್ಪ ಬಟ್ಟೆಯ ಹೊಲಿಗೆ ಬಿಟ್ಟು ಚೆಕಿಂಗ್ ಅಥವಾ ಲೇಬಲ್, ಗಂಟೆಗೊಮ್ಮೆ ಎರಡು ನಿಮಿಷ ಕೈಗೆ ಬಿಡುವು. ನಮಗೆ ಕಂಡಂತೆ ಮೇಲಿನವರಿಗೆ ದೊಡ್ಡ ತೊಂದರೆ ನಿಮ್ಮ ರಜೆಯಲ್ಲ, ಅದು ಯಾವಾಗ ಬರುತ್ತದೋ ಗೊತ್ತಿಲ್ಲ ಎಂಬುದು. ಲೈನ್ ಶುರುವಾಗುವ ಮೊದಲು ಒಂದು ಮೆಸೇಜ್ ಹೋದರೆ ಅವರು ಬದಲಿ ಟೈಲರ್ ಕೂರಿಸುತ್ತಾರೆ. ಹೇಳದೆ ಗೈರಾಗುವುದೊಂದು ಬೇಡ. ಹತ್ತು ದಿನಕ್ಕಿಂತ ಹೆಚ್ಚು ಹೇಳದೆ ಬಾರದಿದ್ದರೆ ದುರ್ನಡತೆ ಎಂದು ಅನೇಕ ಕಾರ್ಖಾನೆಗಳ ಸ್ಥಾಯಿ ಆದೇಶದಲ್ಲೇ, ಅಂದರೆ ನೌಕರರ ನಿಯಮಾವಳಿಯಲ್ಲೇ, ಬರೆದಿರುತ್ತದೆ. ಕಾಯಿಲೆಯವರನ್ನು ಕೆಲಸದಿಂದ ತೆಗೆಯುವವರು ಹಿಡಿಯುವ ದಾರಿ ಹೆಚ್ಚಾಗಿ ಅದೇ.

ಪ್ರಶ್ನೆ: ತೀರ್ಥಹಳ್ಳಿಯ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿ, ಒಂಬತ್ತು ವರ್ಷ ಸೇವೆ. ಚಿಕ್ಕಂದಿನಿಂದ ಅಸ್ತಮಾ. ಜೂನ್‌ನಿಂದ ಸೆಪ್ಟೆಂಬರ್ ಕಳೆಯುವುದೇ ದೊಡ್ಡ ಪಾಡು ಮಾರಾಯ್ರೆ. ನನ್ನ ಕೆಲಸ ರೆಕಾರ್ಡ್ ರೂಮಿನಲ್ಲಿ. ಸಾಂದರ್ಭಿಕ ರಜೆ ಜುಲೈಯೊಳಗೇ ಖಾಲಿ. ಸಂಬಳವಿಲ್ಲದ ರಜೆ ಹಾಕಬೇಕಾಗುತ್ತದೆಯೇ?

ಉತ್ತರ: ಬೇಡ. ನಿಮ್ಮ ಖಾತೆಯಲ್ಲಿ ಮುಟ್ಟದೆ ಬಿದ್ದಿರುವ ರಜೆ ಬೇಕಾದಷ್ಟಿದೆ. ರಾಜ್ಯ ಸರ್ಕಾರಿ ನೌಕರರಿಗೆ ಸಾಂದರ್ಭಿಕ ರಜೆ ವರ್ಷಕ್ಕೆ 10 ದಿನ. ನಾಲ್ಕನೇ ಶನಿವಾರ ರಜೆ ಕೊಟ್ಟಾಗ, 2019ರಲ್ಲಿ, 15 ಇದ್ದದ್ದು 10 ಆಯಿತು. ಆದರೆ ಗಳಿಕೆ ರಜೆ ವರ್ಷಕ್ಕೆ 30 ದಿನ, ಜನವರಿ ಮತ್ತು ಜುಲೈಯಲ್ಲಿ 15ರಂತೆ ಜಮಾ. ಅದರ ಜೊತೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ. ಈ ಕೊನೆಯದನ್ನೇ ಜನ ಮರೆಯುವುದು. ಒಂಬತ್ತು ವರ್ಷಕ್ಕೆ ಅದು 180 ದಿನ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ಇದನ್ನು ಪರಿವರ್ತಿತ ರಜೆಯಾಗಿ ಕೇಳಿದರೆ ಪೂರ್ತಿ ಸಂಬಳ ಸಿಗುತ್ತದೆ. ಒಂದು ದಿನ ಪರಿವರ್ತಿತ ರಜೆಗೆ ಎರಡು ದಿನ ಅರ್ಧ ವೇತನ ರಜೆ ಖರ್ಚಾಗುತ್ತದೆ, ಅಷ್ಟೆ. ಒಮ್ಮೆಯೂ ಬಳಸಿಲ್ಲವಾದರೆ 90 ದಿನ ನಿಮ್ಮದು. ಸೇವಾ ಪುಸ್ತಕದ ರಜೆ ಲೆಕ್ಕದ ಪುಟವನ್ನು ಈ ವಾರವೇ ಬಿಡಿಸಿ ನೋಡಿ, ಜಮಾ ಬರೆಯದೆ ಬಿಟ್ಟಿರುವುದು ಅಪರೂಪವಲ್ಲ.

ಸಾಂದರ್ಭಿಕ ರಜೆಯನ್ನು ಬೇರೆ ಯಾವ ರಜೆಯೊಂದಿಗೂ ಅಂಟಿಸಲು ಬರುವುದಿಲ್ಲ. ಮೂರು ದಿನ ಸಾಂದರ್ಭಿಕ ಹಾಕಿ, ವಾಸಿಯಾಗದೆ ನಾಲ್ಕನೇ ದಿನದಿಂದ ಪರಿವರ್ತಿತ ಕೇಳಿದರೆ ಅರ್ಜಿ ಹಿಂದೆ ಬರುತ್ತದೆ. ಉಬ್ಬಸ ಬಲವಾಗಿದೆ ಎನಿಸಿದರೆ ಮೊದಲ ದಿನದಿಂದಲೇ ವೈದ್ಯಕೀಯ ಆಧಾರದಲ್ಲಿ ಅರ್ಜಿ ಹಾಕಿ. ಮರಳುವಾಗ ಕೆಲಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ ಜೊತೆಗಿರಲಿ. ಅದಿಲ್ಲದೆ ಹಾಜರಾಗಲು ಹೋದರೆ ಆ ದಿನವೂ ವ್ಯರ್ಥ.

ಬಲವಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯಲ್ಲ. ಚೆನ್ನಾಗಿರುವ ಎರಡು ವಾರ ಬೆಳಿಗ್ಗೆ, ಸಂಜೆ ನಿಂತುಕೊಂಡು ಮೂರು ಸಲ ಜೋರಾಗಿ ಊದಿ, ಹೆಚ್ಚು ಬಂದದ್ದನ್ನು ಬರೆಯಿರಿ. ಆ ಎರಡು ವಾರದ ಅತಿ ಹೆಚ್ಚಿನ ಅಂಕಿ 400 ಎಂದಿಟ್ಟುಕೊಳ್ಳಿ. 320ರ ಮೇಲಿದ್ದರೆ ಕಚೇರಿಗೆ ಹೋಗಬಹುದು. 320ಕ್ಕಿಂತ ಕೆಳಗಿಳಿದರೆ ವೈದ್ಯರು ಬರೆದುಕೊಟ್ಟ ಹಾಗೆ ಔಷಧಿ ಏರಿಸಿ, ಧೂಳಿನ ಕೆಲಸ ಬಿಟ್ಟು, ಅಂಕಿ ಏರದಿದ್ದರೆ ರಜೆ. 200ಕ್ಕಿಂತ ಕೆಳಗೆ ಹೋದರೆ ರಜೆಯ ಮಾತೇ ಇಲ್ಲ, ನೇರ ಆಸ್ಪತ್ರೆಗೆ. ಆಗುಂಬೆ ಕಡೆಯ ಒಳಹಳ್ಳಿಯಲ್ಲಿ ಮನೆಯಾದರೆ ಮರ ಬಿದ್ದು ರಸ್ತೆ ಕಟ್ಟಿದ ರಾತ್ರಿಯನ್ನೂ ಲೆಕ್ಕಕ್ಕೆ ಹಿಡಿದು ಸ್ವಲ್ಪ ಮುಂಚೆಯೇ ಹೊರಡಿ. ಅಂಕಿ ಬರೆದ ಪುಸ್ತಕವೇ ರಜೆ ಅರ್ಜಿಗೂ ಗಟ್ಟಿ ಆಧಾರ.

ತಕ್ಷಣದ ಉಪಶಮನದ ಇನ್ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಕಾಯಿಲೆ ಹಿಡಿತದಲ್ಲಿಲ್ಲ ಎಂದರ್ಥ. ದಿನಾ ಎಳೆಯುವ ಇನ್ಹೇಲರನ್ನು ಬೇಸಿಗೆಯಲ್ಲಿ ಚೆನ್ನಾಗಿದ್ದೇನೆಂದು ಬಿಟ್ಟು ಮಳೆ ಬಂದ ಮೇಲೆ ಶುರುಮಾಡುವುದೇ ಈ ಕಡೆಯ ದೊಡ್ಡ ತಪ್ಪು. ಅದು ಪೂರ್ತಿ ಹಿಡಿಯಲು ವಾರಗಳು ಬೇಕು. ಎಳೆಯುವ ಕ್ರಮವೂ ಮುಖ್ಯ: ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತುತ್ತಲೇ ನಿಧಾನವಾಗಿ ಒಳಗೆಳೆದು, ಹತ್ತು ಎಣಿಸುವವರೆಗೆ ಹಿಡಿದು, ಆಮೇಲೆ ಬಾಯಿ ಮುಕ್ಕಳಿಸಿ. ಇನ್ಹೇಲರಿಗೆ ಸಿಕ್ಕಿಸುವ ಸ್ಪೇಸರ್ ಎಂಬ ಕೊಳವೆ ಇದ್ದರೆ ಔಷಧಿ ಗಂಟಲಲ್ಲಿ ನಿಲ್ಲದೆ ಎದೆಗೆ ಇಳಿಯುತ್ತದೆ.

ರೆಕಾರ್ಡ್ ರೂಮಿನ ಹಳೆಯ ಕಡತಕ್ಕೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಕಟ್ಟು ಬಿಚ್ಚಿದೊಡನೆ ಏಳುವ ಆ ಪುಡಿಯೇ ನಿಮ್ಮ ಉಬ್ಬಸಕ್ಕೆ ಕಿಡಿ ಹಚ್ಚುತ್ತಿರಬಹುದು. ವೈದ್ಯರಿಂದ "ಬೂಷ್ಟು ಮತ್ತು ಧೂಳಿನಿಂದ ಅಸ್ತಮಾ ಉಲ್ಬಣ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆ ಶಾಖೆಯ ಕೆಲಸ ಸೂಕ್ತ" ಎಂಬ ಒಂದು ಸಾಲು ಬರೆಸಿ, ಮೇ ತಿಂಗಳಲ್ಲೇ ಕಚೇರಿ ಮುಖ್ಯಸ್ಥರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಲ್ಕು ತಿಂಗಳಿಗೆ ಟಪಾಲು ಶಾಖೆ ಕೇಳುವುದು ದೊಡ್ಡ ಬೇಡಿಕೆಯಲ್ಲ. ಮನೆಯಲ್ಲಿ ಬಚ್ಚಲೊಲೆಯ ಹೊಗೆ, ಅದರ ಮೇಲೆ ಒಣಹಾಕಿದ ಬಟ್ಟೆ, ಇವೆರಡರಿಂದಲೂ ದೂರವಿರಿ. ಹೊಗೆ ಹಿಡಿದ ಸೀರೆಯನ್ನು ದಿನವಿಡೀ ಉಟ್ಟುಕೊಂಡರೆ ಒಲೆಯ ಮುಂದೆ ಕೂತ ಹಾಗೇ.

ಪ್ರಶ್ನೆ: ಶಿವಮೊಗ್ಗ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ನಾವು ಆರು ಜನ ಇದ್ದೇವೆ, ಇಎಸ್‌ಐ ಇಲ್ಲ. ನನಗೆ ಟೈಪ್ ಒನ್ ಸಕ್ಕರೆ ಕಾಯಿಲೆ, ವಯಸ್ಸು 24. ಜ್ವರ ಬಂದು ಊಟ ಸೇರದಿದ್ದಾಗ ಇನ್ಸುಲಿನ್ ಬಿಡಬಹುದೇ? ಮಾಲೀಕರಿಗೆ ಕಾಯಿಲೆ ಹೇಳಿಲ್ಲ, ಹೇಳಬೇಕೇ?

ಉತ್ತರ: ಬಿಡಬಾರದು. ಜ್ವರದಲ್ಲಿ ಊಟ ಮಾಡದಿದ್ದರೂ ಸಕ್ಕರೆ ಏರುತ್ತದೆ. ಟೈಪ್ ಒನ್‌ನವರು ಇನ್ಸುಲಿನ್ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿ ಒಂದೇ ದಿನದಲ್ಲಿ ಪ್ರಜ್ಞೆ ತಪ್ಪುವಷ್ಟಾಗಬಹುದು. ದಿನವಿಡೀ ಕೆಲಸ ಮಾಡುವ ಉದ್ದ ಅವಧಿಯ ಇನ್ಸುಲಿನ್ ಮುಂದುವರಿಯಲಿ, ಊಟದ ಮುಂಚಿನದು ಎಷ್ಟು ಎಂದು ವೈದ್ಯರನ್ನು ಕೇಳಿ. ರಾತ್ರಿಯೂ ಸೇರಿ ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡಿ. 250 ದಾಟಿದರೆ ಮೂತ್ರದ ಕೀಟೋನ್ ಪಟ್ಟಿ ಅದ್ದಿ ನೋಡಿ. ಕೀಟೋನ್ ಕಂಡರೆ, ವಾಂತಿ ನಿಲ್ಲದಿದ್ದರೆ, ಉಸಿರು ಆಳವಾಗಿ ಏದುತ್ತಿದ್ದರೆ ಮನೆಯಲ್ಲಿರಬೇಡಿ. ಗಂಟೆಗೊಂದು ಲೋಟದಂತೆ ಉಪ್ಪು ಹಾಕಿದ ಗಂಜಿತಿಳಿ ಅಥವಾ ನೀರು ಕುಡಿಯಿರಿ. ಮನೆಯವರು ಪ್ರೀತಿಯಿಂದ ಕಾಸಿಕೊಡುವ ಕಷಾಯದಲ್ಲಿ ಬೆಲ್ಲ ಎಷ್ಟು ಎಂದು ಮೊದಲೇ ಕೇಳಿ.

ಸಕ್ಕರೆ 70ಕ್ಕಿಂತ ಇಳಿದರೆ ಮೂರು ಚಹಾ ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕದಡಿ ಕುಡಿದು 15 ನಿಮಿಷದ ನಂತರ ಮತ್ತೆ ನೋಡಿ. ಏರಿಲ್ಲದಿದ್ದರೆ ಇನ್ನೊಮ್ಮೆ.

ಮಾಲೀಕರಿಗೆ ಹೇಳುವುದು ನಿಮ್ಮ ಇಷ್ಟ. ಆದರೆ ಅಂಗಡಿಯಲ್ಲಿ ಒಬ್ಬರಿಗಾದರೂ ಗೊತ್ತಿರಲೇಬೇಕು: ಸಕ್ಕರೆ ಪೊಟ್ಟಣ ಎಲ್ಲಿದೆ, ನೀವು ಬೆವರಿ ತಡವರಿಸಿದರೆ ಏನು ಕೊಡಬೇಕು, ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಬೇಕು ಎಂಬುದು. ಹಬ್ಬದ ವ್ಯಾಪಾರದಲ್ಲಿ ಮಧ್ಯಾಹ್ನದ ಊಟ ಮೂರು ಗಂಟೆಗೆ ಜಾರುವ ದಿನಗಳು ನಿಮಗೆ ಜ್ವರದ ದಿನಗಳಷ್ಟೇ ಅಪಾಯ.

ಇಎಸ್‌ಐ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಜನರಿರುವ ಕಡೆಗೆ, ಹಾಗಾಗಿ ನಿಮಗೆ ಅನ್ವಯಿಸಿಲ್ಲ. ಆದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ. ಆರು ಜನರ ಅಂಗಡಿಗೂ ಅದು ಇದೆ. ಬಾಯಿಮಾತಿನಲ್ಲಿ ಪಡೆದ ರಜೆಗೆ ಲೆಕ್ಕ ಇರುವುದಿಲ್ಲ, ಒಂದು ಮೆಸೇಜಾದರೂ ಕಳಿಸಿ.

ಇನ್ನೊಂದು ಮಾತು. ಗಾಳಿಮಳೆಗೆ ಕರೆಂಟ್ ಎರಡು ಮೂರು ದಿನ ಹೋಗುವುದು ನಮ್ಮಲ್ಲಿ ಹೊಸದಲ್ಲ. ಬಳಸುತ್ತಿರುವ ಇನ್ಸುಲಿನ್ ಬಾಟಲಿ ಹೊರಗೆ, ಬಿಸಿಲು, ಒಲೆ ತಾಗದ ತಂಪಿನಲ್ಲಿ, ಸಾಮಾನ್ಯವಾಗಿ 28 ದಿನ ಕೆಡದೆ ಇರುತ್ತದೆ. ಗಾಬರಿಯಿಂದ ಫ್ರೀಜರಿಗೆ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಪ್ರಶ್ನೆ: ಸಾಗರದ ಸಹಕಾರ ಸಂಘದಲ್ಲಿ ಗುಮಾಸ್ತನಾಗಿರುವ ತಮ್ಮನಿಗೆ ವಾರಕ್ಕೆ ಮೂರು ಡಯಾಲಿಸಿಸ್. ಕೆಲಸ ಬಿಡಿಸುವುದೇ ಒಳ್ಳೆಯದು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ.

ಉತ್ತರ: ಆತುರಪಡಬೇಡಿ. ಒಂದು ಸಲಕ್ಕೆ ನಾಲ್ಕು ಗಂಟೆ, ಹೋಗಿಬರುವುದು, ಆಮೇಲಿನ ಸುಸ್ತು ಸೇರಿದರೆ ಅರ್ಧ ದಿನಕ್ಕೂ ಹೆಚ್ಚು ಹೋಗುತ್ತದೆ, ನಿಜ. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಮೇಜಿನ ಕೆಲಸ ಮುಂದುವರಿಸಿದವರು ಬೇಕಾದಷ್ಟು ಜನ ಇದ್ದಾರೆ. ಮೊದಲು ಡಯಾಲಿಸಿಸ್ ಘಟಕದಲ್ಲಿ ಬೆಳಗಿನ ಮೊದಲ ಸರದಿ ಅಥವಾ ಸಂಜೆಯ ಕೊನೆಯ ಸರದಿ ಕೇಳಿ, ಹೆಸರು ಕಾಯುವ ಪಟ್ಟಿಗಾದರೂ ಸೇರಲಿ. ಶಿವಮೊಗ್ಗಕ್ಕೆ ಹೋಗಿಬರುತ್ತಿದ್ದರೆ ಸಾಗರದ ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆಯೇ ಎಂದು ವಿಚಾರಿಸಿ, ಉಳಿಯುವುದು ದಾರಿಯ ಆಯಾಸವೇ. ಆಡಳಿತ ಮಂಡಳಿಗೆ ಕೊಡುವ ಪತ್ರದಲ್ಲಿ ಡಯಾಲಿಸಿಸ್‌ನ ದಿನ, ಗಂಟೆ, ಆ ದಿನ ಅವರು ಕಚೇರಿಯಲ್ಲಿರುವ ಅವಧಿ, ಬೇರೆ ದಿನ ತುಂಬಿಕೊಡುವ ಗಂಟೆಗಳನ್ನು ಬರೆಯಿರಿ. ಗೊಬ್ಬರದ ಚೀಲ ಎತ್ತಿಸುವ ಕೆಲಸ ಬೇಡ. ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ ಜಾಗ) ಇರುವ ಕೈಯಲ್ಲಿ ಭಾರ ಎತ್ತಬಾರದು, ಬಿಪಿ ನೋಡಿಸಬಾರದು, ರಕ್ತ ತೆಗೆಸಬಾರದು.

ಸಂಘದಲ್ಲಿ ಇಎಸ್‌ಐ ಇದ್ದರೆ ಇನ್ನೊಂದು ದಾರಿಯೂ ಇದೆ. ದೀರ್ಘಕಾಲದ ಮೂತ್ರಪಿಂಡ ವೈಫಲ್ಯ ಅವರ 34 ಕಾಯಿಲೆಗಳ ವಿಶೇಷ ಪಟ್ಟಿಯಲ್ಲಿದೆ. ಎರಡು ವರ್ಷದ ಸೇವೆ, ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆ ಇದ್ದರೆ 91 ದಿನ ಮುಗಿದ ಮೇಲೂ ದಿನಗೂಲಿಯ ಶೇ 80ರಂತೆ ಭತ್ಯೆ ಮುಂದುವರಿಯುತ್ತದೆ. ರಾಜೀನಾಮೆ ಬರೆದುಕೊಟ್ಟ ಮೇಲೆ ಇದನ್ನು ಕೇಳಲು ಹೋದರೆ ಸೇವೆಯೇ ಕಡಿದಿರುತ್ತದೆ.

ಪ್ರಶ್ನೆ: ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ. ಖಾಸಗಿ ಕಾಲೇಜಿನಲ್ಲಿ ಕೆಲಸ. ರಜೆ ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆಯಲೇಬೇಕೇ? ಊರೆಲ್ಲ ಗೊತ್ತಾಗುತ್ತದೆ.

ಉತ್ತರ: "ಇವರು ನನ್ನ ಚಿಕಿತ್ಸೆಯಲ್ಲಿದ್ದಾರೆ, ಇಂಥ ದಿನದಿಂದ ಇಂಥ ದಿನದವರೆಗೆ ವಿಶ್ರಾಂತಿ ಅಗತ್ಯ" ಎಂದಷ್ಟೇ ಬರೆದುಕೊಡಲು ವೈದ್ಯರನ್ನು ಕೇಳಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿರುವ ಹಕ್ಕನ್ನು ನಿಮಗೆ ಕೊಟ್ಟಿದೆ. ಸಹಿಯ ಕೆಳಗಿನ ಮೊಹರಿನಲ್ಲಿ "ಮನೋವೈದ್ಯರು" ಎಂದಿದ್ದರೆ ಅದೇ ಎಲ್ಲ ಹೇಳಿಬಿಡುತ್ತದೆ ಎಂಬ ಹಿಂಜರಿಕೆ ಇದ್ದರೆ, ನಿಮ್ಮ ಚಿಕಿತ್ಸೆ ತಿಳಿದಿರುವ ಕುಟುಂಬ ವೈದ್ಯರಿಂದ ಚೀಟಿ ಪಡೆಯಿರಿ. ಆದರೆ ಹೊಟ್ಟೆನೋವು, ಟೈಫಾಯ್ಡ್ ಎಂದು ಸುಳ್ಳು ಬರೆಸಬೇಡಿ, ಮುಂದೆ ದೀರ್ಘ ರಜೆ ಬೇಕಾದಾಗ ನಿಮ್ಮ ಕಾಗದಗಳೇ ನಿಮಗೆ ಎದುರಾಗುತ್ತವೆ. ಔಷಧಿ ಹೊಸದಾಗಿ ಶುರುವಾದ ಅಥವಾ ಪ್ರಮಾಣ ಬದಲಾದ ಮೊದಲ ಎರಡು ವಾರ ತೂಕಡಿಕೆ, ವಾಕರಿಕೆ ಇರಬಹುದು. ರಜೆ ಉಳಿಸಿಕೊಳ್ಳುವುದಾದರೆ ಆ ದಿನಗಳಿಗೆ ಉಳಿಸಿ. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನನ್ನ ಯಜಮಾನರು ಅಡಿಕೆ ಕೊನೆ ಕೊಯ್ಯುವ ಕೊನೆಗಾರರು, ವಯಸ್ಸು 41. ಕಳೆದ ವರ್ಷದಿಂದ ಮೂರ್ಛೆ ರೋಗ ಶುರುವಾಗಿದೆ. ಮಾತ್ರೆ ತಗೊಳ್ತಾರೆ. ಎರಡು ತಿಂಗಳಿಂದ ಬಂದಿಲ್ಲ, ಕೊಯ್ಲಿಗೆ ಮರ ಹತ್ತುತ್ತೇನೆ ಅಂತಾರೆ. ದಿನಗೂಲಿಯವರಿಗೆ ರಜೆ ಎಲ್ಲಿದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. — ಹೊಸನಗರ ತಾಲ್ಲೂಕು

ಉತ್ತರ: ಅಮ್ಮಾ, ಮರ ಹತ್ತುವುದು ಬೇಡವೇ ಬೇಡ. ಎರಡು ತಿಂಗಳು ಬಾರದಿರುವುದು ಮಾತ್ರೆ ಹಿಡಿಯುತ್ತಿದೆ ಎಂಬುದರ ಗುರುತು, ರೋಗ ಹೋಗಿದೆ ಎಂಬುದರ ಗುರುತಲ್ಲ. ಅಡಿಕೆ ಮರದ ತುದಿಯಲ್ಲಿ ಅರೆ ನಿಮಿಷ ಪ್ರಜ್ಞೆ ತಪ್ಪಿದರೂ ಮುಗಿಯಿತು. ಮುಂದೆ ಎಂದಾದರೂ ಹತ್ತಬಹುದೇ ಎಂಬುದನ್ನು ನರರೋಗ ವೈದ್ಯರಷ್ಟೇ ಹೇಳಬೇಕು.

ದಿನಗೂಲಿಗೆ ಕಾಯಿಲೆ ರಜೆ ಇಲ್ಲ ಎಂಬ ಅವರ ಮಾತು ನಿಜ. ಅದಕ್ಕೇ ರಜೆಯ ಬದಲು ಕೆಲಸ ಬದಲಿಸುವುದನ್ನು ನೋಡಬೇಕು. ಕಾರ್ಬನ್ ಫೈಬರ್ ದೋಟಿಯಿಂದ ನೆಲದ ಮೇಲೆ ನಿಂತೇ ಕೊನೆ ತೆಗೆಯುವುದು, ಬೋರ್ಡೋ ಔಷಧಿ ಹೊಡೆಯುವುದು ಈಗ ಮಲೆನಾಡಿನ ತೋಟಗಳಲ್ಲಿ ನಡೆಯುತ್ತಿದೆ. ಕೊನೆ ಬಲಿತದ್ದನ್ನು ಕೆಳಗಿನಿಂದಲೇ ಗುರುತಿಸುವ ಕಣ್ಣು ಕೊನೆಗಾರರಿಗೆ ಇದ್ದೇ ಇರುತ್ತದೆ, ದೋಟಿ ಕೆಲಸಕ್ಕೆ ಬೇಕಾದ ಅರ್ಧ ವಿದ್ಯೆ ಅದೇ. ಕೊಯ್ಲಿಗೆ ಮುಂಚೆ, ಆಳು ಗೊತ್ತುಮಾಡುವ ಹೊತ್ತಿಗೇ, ಕರೆಯುವ ಮನೆಗಳವರಿಗೆ "ಮರಕ್ಕಿಲ್ಲ, ದೋಟಿಗೆ ಬರ್ತೇನೆ, ಹಗ್ಗ ಹಿಡಿಯಲಿಕ್ಕೆ ಬರ್ತೇನೆ" ಎಂದು ಅವರೇ ಹೇಳಿಬಿಡಲಿ. ಕೂಲಿ ಕಡಿಮೆಯಾಗುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಅಡಿಕೆ ಬೇಯಿಸುವ ಹಂಡೆಯ ಹತ್ತಿರ, ಕೆರೆ, ಬಾವಿಯ ಅಂಚಿನಲ್ಲಿ ಒಬ್ಬರೇ ಇರುವುದು ಬೇಡ. ಸುಲಿಯುವ ಯಂತ್ರಕ್ಕೂ ಅವರನ್ನು ಕೂರಿಸಬೇಡಿ.

ಮೂರ್ಛೆ ಮರಳುವುದು ಹೆಚ್ಚಾಗಿ ಮಾತ್ರೆ ತಪ್ಪಿದಾಗ, ನಿದ್ದೆ ಕೆಟ್ಟಾಗ, ಹೆಂಡ ಕುಡಿದಾಗ. ಕೊಯ್ಲಿನಲ್ಲಿ ರಾತ್ರಿ ಸುಲಿತ ತಡವಾಗುತ್ತದೆ, ಆ ದಿನಗಳಲ್ಲಿ ಅವರನ್ನು ಬೇಗ ಮಲಗಿಸಿ. ಮಾತ್ರೆ ಮುಗಿಯಲು ಒಂದು ವಾರ ಇರುವಾಗಲೇ ಮುಂದಿನದು ತಂದಿಡಿ, ಮಳೆಗೆ ಬಸ್ಸು ನಿಂತರೆ ಹೋಗಲಾಗುವುದಿಲ್ಲ.

ಬಂದೇಬಿಟ್ಟರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆ ಕೆಳಗೆ ಟವೆಲ್ ಮಡಚಿಡಿ, ಕತ್ತಿ ದೂರ ಸರಿಸಿ. ಕೈಗೆ ಕಬ್ಬಿಣ ಕೊಡುವುದು, ಹಲ್ಲಿನ ನಡುವೆ ಚಮಚ ತುರುಕುವುದು, ನೀರು ಹೊಯ್ಯುವುದು ಬೇಡ. ಶುರುವಾದ ಗಳಿಗೆ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಂದು ಬಂದರೆ 108. ಕೆಲಸಕ್ಕೆ ಕರೆಯುವ ಪ್ರತಿ ಮನೆಯ ಒಬ್ಬರಿಗೆ ಇಷ್ಟನ್ನು ಹೇಳಿಕೊಟ್ಟಿರಿ. ಒಂದು ಚೀಟಿಯಲ್ಲಿ ಕಾಯಿಲೆ, ಮಾತ್ರೆಯ ಹೆಸರು, ನಿಮ್ಮ ಫೋನ್ ನಂಬರ್ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಅವರ ಅಂಗಿಯ ಜೇಬಿನಲ್ಲಿಡಿ.